ಗಂಟು ಹಾಕದ ತುದಿ

ನಾನು ದರ್ಜಿ. ನಮ್ಮ ಬೀದಿಯ ಕೊನೆಯಲ್ಲಿರುವ ಹೈಸ್ಕೂಲಿನ ಆರುನೂರು ಮಕ್ಕಳ ಸಮವಸ್ತ್ರ ಹನ್ನೊಂದು ವರ್ಷ ನನ್ನ ಸೂಜಿಯ ಕೆಳಗೇ ಹಾದುಹೋಗಿದೆ. ಯಾವ ಮಗುವಿನ ಭುಜ ಒಂದು ಕಡೆ ಇಳಿದಿದೆ, ಯಾರ ಸೊಂಟ ರಜೆಯಲ್ಲಿ ಎರಡು ಇಂಚು ಏರಿದೆ ಎನ್ನುವುದು ಹೆತ್ತ ತಾಯಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೊಲಿಗೆಯ ಜೊತೆಗೆ ನನಗೆ ಇನ್ನೊಂದು ಹುದ್ದೆಯೂ ಇತ್ತು. ಶಾಲೆಯ ಕಿರುಕುಳ ತಡೆ ಸಮಿತಿಯಲ್ಲಿ ನಾನು ಪೋಷಕರ ಪ್ರತಿನಿಧಿ. ಗೇಟಿನ ಪಕ್ಕದ ನೀಲಿ ಬೋರ್ಡಿನಲ್ಲಿ ನಾಲ್ಕನೆಯ ಹೆಸರು ನನ್ನದು. ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಹೆಡ್ ಮೇಡಂ ಕೋಣೆಯಲ್ಲಿ ಸಭೆ. ಒಂದು ಲೋಟ ಟೀ, ಎರಡು ಬಿಸ್ಕತ್ತು, ಒಂದು ಉದ್ದನೆಯ ಪುಸ್ತಕ. ಅದರಲ್ಲಿ ಗುಮಾಸ್ತ ಮೊದಲೇ ಬರೆದಿಟ್ಟಿರುತ್ತಿದ್ದ: ಈ ತಿಂಗಳು ಯಾವುದೇ ದೂರು ಬಂದಿರುವುದಿಲ್ಲ. ಮೀಸೆಗೆ ಹತ್ತಿದ ಬಿಸ್ಕತ್ತಿನ ಪುಡಿ ಒರೆಸಿಕೊಂಡು ಸಹಿ ಹಾಕಿ ಬರುತ್ತಿದ್ದೆ. ಓದಿ ಸಹಿ ಹಾಕಿದ್ದು ಮೊದಲ ತಿಂಗಳು ಮಾತ್ರ.

ದೂರು ಬರುವುದಾದರೂ ಹೇಗೆ? ದೂರಿನ ಪೆಟ್ಟಿಗೆಯನ್ನು ಮೊಳೆ ಹೊಡೆದು ನೇತುಹಾಕಿದ್ದು ಮೇಡಂ ಬಾಗಿಲ ಎದುರಿಗೆ, ದಿನವಿಡೀ ನಾಲ್ಕು ಜನ ಕೂತಿರುವ ಬೆಂಚಿನ ನೆತ್ತಿಯ ಮೇಲೆ. ಅದರಲ್ಲಿ ಚೀಟಿ ಹಾಕುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಮೂರು ವರ್ಷದಲ್ಲಿ ಅದರಿಂದ ಹೊರಬಂದದ್ದು ಒಂದು ಹಿಡಿ ಚಾಕಲೇಟ್ ಕಾಗದ ಮತ್ತು ಒಣಗಿದ ಒಂದು ಹಲ್ಲಿ. ನಾವೆಲ್ಲ ನಕ್ಕಿದ್ದೆವು. ನಮ್ಮ ಮಕ್ಕಳು ಚಿನ್ನದಂಥವರು ಎಂದು ಪಿ.ಟಿ. ಮೇಷ್ಟ್ರು ಹೇಳಿದಾಗ ನಾನೂ ತಲೆಯಾಡಿಸಿದ್ದೆ.

ಇನ್ನು ನನ್ನ ಹೊಲಿಗೆ. ಬೆಳೆಯುವ ಮಕ್ಕಳ ಬಟ್ಟೆಗೆ ನನ್ನದೊಂದು ಕ್ರಮವಿದೆ. ಸ್ಕರ್ಟಿಗೆ ಸೊಂಟದ ಪಟ್ಟಿ ಕೂಡಿಸುವಾಗ ಮಾಮೂಲಿ ಹೊಲಿಗೆ ಹಾಕುವುದಿಲ್ಲ, ಚೈನ್ ಹೊಲಿಗೆ ಹಾಕುತ್ತೇನೆ. ಸಿಮೆಂಟ್ ಮೂಟೆಯ ಬಾಯಿಗೆ ಇರುತ್ತದಲ್ಲ, ಅದೇ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರೆಂದು ಪೂರ್ತಿ ಬಿಚ್ಚಿಕೊಳ್ಳುತ್ತದೆ; ತಪ್ಪು ತುದಿ ಹಿಡಿದರೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಮರುವರ್ಷ ಮಗು ಮೈ ತುಂಬಿಕೊಂಡಾಗ ಪಟ್ಟಿ ಬಿಚ್ಚಿ ಅಗಲ ಮಾಡುವುದು ಎರಡು ನಿಮಿಷದ ಕೆಲಸ. ಬ್ಲೇಡು ಹಾಕಿ ಬಟ್ಟೆಗೆ ಗಾಯ ಮಾಡಬೇಕಿಲ್ಲ, ತಾಯಂದಿರು ಹೊಸ ಸ್ಕರ್ಟ್ ಕೊಳ್ಳಬೇಕಿಲ್ಲ. ಬೇಡದ ಹೊತ್ತಿನಲ್ಲಿ ಬಿಚ್ಚದಿರಲೆಂದು ಆ ತುದಿಗೆ ಕೈಯಿಂದ ಮೂರು ಸುತ್ತಿನ ಗಂಟು ಹಾಕಬೇಕು, ಅಷ್ಟೆ. ಗಂಟು ಬಿದ್ದರೆ ಆನೆ ಎಳೆದರೂ ಬಿಡುವುದಿಲ್ಲ.

ಆ ಗಂಟು ಹಾಕುವ ಕೆಲಸ ನನ್ನ ಮಗಳದು. ಅವಳು ಆರು ವರ್ಷದವಳಿದ್ದಾಗ ತುಂಡು ಬಟ್ಟೆಗೆ ಚೈನ್ ಹೊಲಿಗೆ ಹಾಕಿ ಕೈಗೆ ಕೊಟ್ಟು “ಎಳಿ ನೋಡೋಣ” ಅನ್ನುತ್ತಿದ್ದೆ. ದಾರ ಸರ್ರೆಂದು ಬಂದಾಗ ಕೇಕೆ ಹಾಕಿ ನಗುತ್ತಿದ್ದಳು. ಈಗ ಹತ್ತನೆಯ ಕ್ಲಾಸು. ಶಾಲೆಯ ನಾಯಕಿ, ಎದೆಯ ಮೇಲೆ ಹಿತ್ತಾಳೆಯ ಬ್ಯಾಡ್ಜು. ಸಂಜೆ ಶಾಲೆಯಿಂದ ಬಂದವಳೇ ಅರ್ಧ ಗಂಟೆ ಅಂಗಡಿಯಲ್ಲಿ ಕೂತು ಅಂದಿನ ಸ್ಕರ್ಟುಗಳಿಗೆಲ್ಲ ಗಂಟು ಹಾಕಿ, ಉಳಿದ ದಾರ ಕತ್ತರಿಸಿ, ಮಡಿಸಿಡುತ್ತಿದ್ದಳು. ನನ್ನ ಕೆಲಸಕ್ಕಿಂತ ಅವಳದು ಚೊಕ್ಕ.

ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆ ಇಸ್ತ್ರಿ ಅಂಗಡಿ. ಇಸ್ತ್ರಿಯಮ್ಮ ಗಂಡನಿಲ್ಲದವಳು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುವ ಹೆಂಗಸು. ಅವಳ ಮಗಳು ಈ ವರ್ಷವಷ್ಟೇ ನಮ್ಮ ಹೈಸ್ಕೂಲಿಗೆ ಬಂದು ಒಂಬತ್ತನೆಯ ಕ್ಲಾಸಿಗೆ ಸೇರಿದ್ದಳು. ಸಣಕಲು ಹುಡುಗಿ, ಆದರೆ ಕಂಚಿನಂಥ ದನಿ. ತಾಯಿ ಬಟ್ಟೆ ತಿಕ್ಕುತ್ತಿದ್ದರೆ ಪಕ್ಕದಲ್ಲಿ ನಿಂತು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನನ್ನ ಮಿಷನ್ನಿನ ಸದ್ದಿನ ನಡುವೆಯೂ ಕೇಳುತ್ತಿತ್ತು. ಶಾಲೆಯಲ್ಲಿ ಅವಳನ್ನು “ಸುಕ್ಕು” ಎಂದು ಕರೆಯುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ತಾಯಿಯ ಕಸುಬು ಹಿಡಿದು ಇಟ್ಟ ಹೆಸರು. ಮಕ್ಕಳ ಚೇಷ್ಟೆ ಎಂದುಕೊಂಡಿದ್ದೆ. ದಸರೆಯ ಗೊಂಬೆಯ ಹಾಗೆ ಸಮಿತಿಯಲ್ಲಿ ಕೂತವನಿಗೆ ಇನ್ನೇನು ಅನ್ನಿಸೀತು?

ಆ ಹುಡುಗಿಯ ಸ್ಕರ್ಟಿನ ಪಟ್ಟಿ ಎರಡು ತಿಂಗಳಲ್ಲಿ ಮೂರು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ಇಸ್ತ್ರಿಯಮ್ಮ ಅದನ್ನು ನನ್ನ ಮೇಜಿನ ಮೇಲಿಟ್ಟಾಗ ನನಗೆ ರೇಗಿಹೋಯಿತು.

“ನಿನ್ನ ಮಗಳು ಸ್ಕರ್ಟ್ ಹಾಕ್ಕೊಂಡು ಮರ ಹತ್ತುತ್ತಾಳೇನಮ್ಮಾ?”

“ಅವಳು ಹಾಸಿಗೆ ಬಿಟ್ಟು ಏಳೋದೇ ಕಷ್ಟ ಆಗಿದೆ ಅಣ್ಣ. ಬೆಳಿಗ್ಗೆ ಆದ್ರೆ ಹೊಟ್ಟೆನೋವು ಅಂತಾಳೆ. ಸ್ಕೂಲ್ ಬೆಲ್ಲು ಹೊಡೆದು ಹೋಯ್ತು ಅಂದ್ರೆ ನೋವೂ ಹೋಗುತ್ತೆ.”

“ಪರೀಕ್ಷೆ ಹತ್ರ ಬಂದ್ರೆ ಎಲ್ಲರ ಹೊಟ್ಟೇನೂ ನೋಯುತ್ತೆ ಬಿಡು.”

ನಾನು ಸ್ಕರ್ಟನ್ನು ಮಗುಚಿ ನೋಡಿದೆ. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಸೂಜಿಯ ತೂತುಗಳು ಒಂದೂ ಹಿಗ್ಗದೆ ಸಾಲಾಗಿ ಕೂತಿದ್ದವು. ದಾರದ ಒಂದೆಳೆಯೂ ಉಳಿದಿರಲಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ಬೆರಳಿಗೆ ಅದೇನೆಂದು ಗೊತ್ತಾಗದೆ ಇರುತ್ತದೆಯೇ? ಬೆರಳಿಗೆ ಗೊತ್ತಾಯಿತು, ತಲೆ ಕೇಳಲಿಲ್ಲ. ಮತ್ತೆ ಅದೇ ಚೈನ್ ಹೊಲಿಗೆ ಹಾಕಿ, ಗಂಟು ಹಾಕಲು ಮಗಳ ಬುಟ್ಟಿಗೆ ಎಸೆದೆ.

ಮುಂದಿನ ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಕೂತಿದ್ದೆ. ಆ ಹೊತ್ತಿಗೆ ಶಾಲೆಯ ಬಯಲಿನಿಂದ ಪ್ರಾರ್ಥನೆ ಕೇಳಿಸಿ, ಆಮೇಲೆ ಯಾರಾದರೂ ಒಬ್ಬ ವಿದ್ಯಾರ್ಥಿ ಅಂದಿನ ಸುದ್ದಿ ಓದುವುದು ಕೇಳಿಸುತ್ತಿತ್ತು. ಅಂದು ಸುದ್ದಿಯ ಬದಲು ನಗು ಕೇಳಿಸಿತು. ಆರುನೂರು ಜನ ಒಟ್ಟಿಗೆ ನಕ್ಕ ನಗು. ಏನೋ ತಮಾಷೆ ನಡೆದಿರಬೇಕು ಎಂದು ಸೂಜಿಗೆ ದಾರ ಪೋಣಿಸುತ್ತಾ ನಾನೂ ಮುಗುಳ್ನಕ್ಕೆ. ದೇವರೇ ಬಂದು ಕ್ಷಮಿಸಿದೆ ಎಂದರೂ ಆ ಮುಗುಳ್ನಗೆಯನ್ನು ನಾನು ಕ್ಷಮಿಸಿಕೊಳ್ಳಲಾರೆ.

ಅಂದು ಸುದ್ದಿ ಓದಬೇಕಾಗಿದ್ದವಳು ಇಸ್ತ್ರಿಯಮ್ಮನ ಮಗಳು. ವೇದಿಕೆಗೆ ನಾಲ್ಕು ಮೆಟ್ಟಿಲು. ಮೂರನೆಯದರ ಮೇಲೆ ಕಾಲಿಟ್ಟಾಗ ಸೊಂಟದ ಪಟ್ಟಿ ಸೊಂಟದಲ್ಲೇ ಉಳಿಯಿತು, ಸ್ಕರ್ಟು ಅದರಿಂದ ಬಿಟ್ಟುಕೊಂಡು ಜಾರಿತು. ಹುಡುಗಿ ಎರಡೂ ಮುಷ್ಟಿಯಲ್ಲಿ ಬಟ್ಟೆ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಏಳುವಂತಿರಲಿಲ್ಲ, ಬಟ್ಟೆ ಬಿಟ್ಟು ಮುಖ ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ. ಶಾಲೆಯ ಆಯಮ್ಮ ಓಡಿಹೋಗಿ ಹೆಡ್ ಮೇಡಂ ಮೇಜಿನ ಹಾಸನ್ನೇ ಕಿತ್ತು ತಂದು ಸುತ್ತುವವರೆಗೆ ಹಾಗೆಯೇ ಕೂತಿದ್ದಳಂತೆ. ಮೊಬೈಲು ತರುವಂತಿಲ್ಲ ಎಂದು ಗೇಟಿನಲ್ಲಿ ದೊಡ್ಡದಾಗಿ ಬರೆದಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕೂತವರೆಲ್ಲ ಅದನ್ನು ನೋಡಿಯಾಗಿತ್ತು.

ಹುಡುಗಿ ಮನೆಯಿಂದ ಹೊರಗೆ ಬರಲಿಲ್ಲ. ಪಾಠ ಓದುವ ದನಿಯೂ ನಿಂತಿತು.

ಗುರುವಾರ ಮಧ್ಯಾಹ್ನ ಇಸ್ತ್ರಿಯಮ್ಮ ಬಂದಳು. ಸ್ಕರ್ಟನ್ನು ಮೇಜಿನ ಮೇಲಿಟ್ಟು, ಸೆರಗಿನ ತುದಿ ಬಿಚ್ಚಿ ಒಂದು ದಾರ ತೆಗೆದಳು.

“ಅಣ್ಣಾ, ಇದು ಮೆಟ್ಟಿಲ ಹತ್ರ ಬಿದ್ದಿತ್ತಂತೆ. ಆಯಮ್ಮ ಎತ್ತಿಟ್ಟಿದ್ರು. ಹೊಲಿಗೆ ತಾನಾಗೇ ಹರಿದಿದ್ರೆ ದಾರ ಇಷ್ಟುದ್ದ ಸಿಗುತ್ತಾ?”

ದಾರ ಅಲೆ ಅಲೆಯಾಗಿ ಸುರುಳಿಗಟ್ಟಿತ್ತು, ಒಂದು ಕಡೆಯೂ ತುಂಡಾಗಿರಲಿಲ್ಲ. ಒಂದು ಸೊಂಟದ ಸುತ್ತಳತೆಗೆ ಚೈನ್ ಹೊಲಿಗೆ ಎಷ್ಟು ದಾರ ತಿನ್ನುತ್ತದೋ ಅಷ್ಟೂ ಅಲ್ಲಿತ್ತು.

“ಇಟ್ಟು ಹೋಗಮ್ಮ, ನೋಡ್ತೀನಿ,” ಎಂದೆ.

ಅವಳು ಹೋದ ಮೇಲೆ ಕೋಲಿಗೆ ನೇತುಹಾಕಿದ್ದ ಸ್ಕರ್ಟುಗಳನ್ನು ಒಂದೊಂದಾಗಿ ಇಳಿಸಿ ಮಗುಚಿದೆ. ಹದಿನಾಲ್ಕು ಸ್ಕರ್ಟು. ಹದಿನಾಲ್ಕರ ತುದಿಗೂ ಮೂರು ಸುತ್ತಿನ ಗಂಟು, ಸಾಸಿವೆ ಕಾಳಿನಷ್ಟು ಪುಟ್ಟದು, ಬಿಗಿಯಾದದ್ದು. ಇಸ್ತ್ರಿಯಮ್ಮನ ಮಗಳ ಸ್ಕರ್ಟಿನಲ್ಲಿ ಗಂಟಿರಲಿಲ್ಲ. ಕತ್ತರಿಸಿದ್ದರೆ ಗಂಟಿನ ತುಣುಕು ಬಟ್ಟೆಯಲ್ಲೇ ಉಳಿಯಬೇಕಿತ್ತು, ಅದೂ ಇರಲಿಲ್ಲ. ದಾರದ ತುದಿಯಲ್ಲೂ ಗಂಟಿನ ಮುರುಟು ಇರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಸ್ಟೂಲಿನ ಮೇಲೆ ಕೂತೆ.

ಸಂಜೆ ಮಗಳು ಬಂದಳು. ಚೀಲ ಇಳಿಸುವ ಮೊದಲೇ ಮೇಜಿನ ಮೇಲಿದ್ದ ದಾರ ಅವಳ ಕಣ್ಣಿಗೆ ಬಿತ್ತು. ನನ್ನ ಮುಖ ನೋಡಲಿಲ್ಲ.

“ಗಂಟು ಎಲ್ಲಿ?” ಎಂದೆ.

“ಮರೆತಿರ್ಬೇಕು.”

“ನಾಲ್ಕು ಸಲ? ಒಬ್ಬಳದ್ದೇ ಸ್ಕರ್ಟಿಗೆ?”

ಹಿತ್ತಾಳೆಯ ಬ್ಯಾಡ್ಜನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ಆಮೇಲೆ, “ನಾನು ಎಳೀಲಿಲ್ಲ ಅಪ್ಪ. ಗಂಟು ಹಾಕ್ಲಿಲ್ಲ, ಅಷ್ಟೆ,” ಎಂದಳು.

“ಎಳೆದೋರು ಯಾರು?”

ಇಬ್ಬರ ಹೆಸರು ಹೇಳಿದಳು. ಇಬ್ಬರೂ ಅವಳದೇ ಕ್ಲಾಸಿನವರು, ಪ್ರಾರ್ಥನೆಯಲ್ಲಿ ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ನಿಲ್ಲುವವರು. ಒಬ್ಬಳು ವಕೀಲರ ಮಗಳು, ಇನ್ನೊಬ್ಬಳು ಶಾಲೆಯ ಹೊಸ ಕಟ್ಟಡ ಕಟ್ಟಿಸಿದ ಗುತ್ತಿಗೆದಾರನ ಮೊಮ್ಮಗಳು.

“ಹೊಸಬರು ಬಂದ್ರೆ ಎಲ್ಲರಿಗೂ ಏನಾದ್ರೂ ಮಾಡ್ತಾರೆ ಅಪ್ಪ. ಒಂದಷ್ಟು ದಿನ ಮಾಡಿ ಬಿಟ್ಬಿಡ್ತಾರೆ. ಅವಳು ಅಳ್ತಾನೂ ಇರ್ಲಿಲ್ಲ, ಸ್ಕರ್ಟ್ ಹಿಡ್ಕೊಂಡು ಕ್ಲಾಸಿಗೆ ಹೋಗಿ ಕೂತ್ಬಿಡ್ತಿದ್ಲು. ಅದಕ್ಕೇ ಬಿಡ್ಲಿಲ್ಲ. ನನಗೂ ಮಾಡಿದ್ರು.”

“ನಿನಗೆ? ಯಾವಾಗ?”

“ಎಂಟನೇ ಕ್ಲಾಸಲ್ಲಿ. ಚಿಂದಿ ಅಂತ ಕರೀತಿದ್ರು. ಊಟದ ಡಬ್ಬೀಲಿ ಸೀಮೆಸುಣ್ಣದ ಪುಡಿ ಹಾಕ್ತಿದ್ರು. ನಿನಗೆ ಹೇಳಿದ್ದೆ.”

ಹೇಳಿದ್ದಳು. ಇದೇ ಮೇಜಿನ ಹತ್ತಿರ, ಇದೇ ಹೊತ್ತಿನಲ್ಲಿ. ನಾನು ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆಗೆ ಗುರುತು ಹಾಕುತ್ತಿದ್ದೆ. ಪಿನ್ನುಗಳನ್ನು ಅಂಗೈಗೆ ಉಗುಳಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: “ಸಣ್ಣದನ್ನ ದೊಡ್ಡದು ಮಾಡ್ಬೇಡ. ಸಮಿತೀಲಿರೋನು ನಾನು. ನನ್ನ ಮಗಳೇ ದೂರು ಕೊಟ್ರೆ ನೋಡಿದೋರು ಏನಂತಾರೆ?” ಅಂದಿನಿಂದ ಅವಳು ಆ ಮಾತೆತ್ತಲಿಲ್ಲ. ನಾನು ಎಲ್ಲ ಸರಿಹೋಯಿತು ಎಂದುಕೊಂಡೆ.

“ಹೇಗೆ ನಿಲ್ಲಿಸಿದ್ರು ಮತ್ತೆ?”

“ನನಗೊಂದು ವಿದ್ಯೆ ಬರುತ್ತೆ ಅಂತ ತೋರಿಸ್ದೆ. ಬೇರೆ ಹುಡುಗಿ ಸ್ಕರ್ಟ್ ಮೇಲೆ.” ಅವಳ ದನಿ ತೀರಾ ಸಣ್ಣಗಾಯಿತು. “ಆವತ್ತಿಂದ ಯಾರೂ ಚಿಂದಿ ಅನ್ಲಿಲ್ಲ.”

ಕೈ ಎತ್ತಿದೆ. ಹೊಡೆಯಲಿಲ್ಲ. ಅದು ನನ್ನ ದೊಡ್ಡತನವೇನೂ ಅಲ್ಲ. ಹೊಡೆಯಬೇಕಾದದ್ದು ಯಾರಿಗೆ ಎಂದು ತಿಳಿಯದೆ ಕೈ ಗಾಳಿಯಲ್ಲೇ ನಿಂತಿತು.

ಮರುದಿನವೇ ಸಮಿತಿಯ ಸಭೆ. ಹೊರಡುವಾಗ ಹೆಂಡತಿ ಚಪ್ಪಲಿಯ ಹತ್ತಿರ ಬಂದು ನಿಂತಳು. ಅವಳಿಗೆ ಎಲ್ಲವೂ ಗೊತ್ತಾಗಿತ್ತು.

“ರೀ, ಹೊಲಿಗೇನೇ ಸರಿ ಬಿದ್ದಿರ್ಲಿಲ್ಲ ಅಂದ್ಬಿಡಿ. ಅವಮಾನ ಆದ್ರೆ ನಿಮಗೆ ತಾನೆ, ನಾಲ್ಕು ದಿನ ಆಡ್ಕೊಂಡು ಬಿಡ್ತಾರೆ. ಅವಳದ್ದು ಹತ್ತನೇ ಕ್ಲಾಸು.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೇರೆಯವರನ್ನು ಎಷ್ಟು ಸಲ ಆಡಿಕೊಂಡಿಲ್ಲ ನಾನು! ನಮ್ಮ ಹೆಗ್ಗಣ ನಮಗೂ ಮುದ್ದೇ. ಆಗಲಿ ಎಂದೆ. ನಿಜ ಹೇಳಬೇಕೆಂದರೆ, ಹೆಂಡತಿ ಹೇಳುವ ಮೊದಲೇ ನಾನು ಅದನ್ನೇ ತೀರ್ಮಾನಿಸಿದ್ದೆ. ಮಗಳಿಗಾಗಿ ಹೆಸರು ಕಳೆದುಕೊಳ್ಳುವ ತಂದೆ ಎಂದು ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೇಡಂ ಕೋಣೆಯಲ್ಲಿ ಅಂದೂ ಟೀ ಇತ್ತು, ಬಿಸ್ಕತ್ತಿತ್ತು. ಮೇಜಿಗೆ ಹೊಸ ಹಾಸು ಹಾಕಿದ್ದರು. ಇಸ್ತ್ರಿಯಮ್ಮನನ್ನೂ ಕರೆಸಿದ್ದರು, ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗುಮಾಸ್ತ ಬರೆದಾಗಿತ್ತು: ಹೊಲಿಗೆಯ ದೋಷದಿಂದ ಆಕಸ್ಮಿಕವಾಗಿ ನಡೆದ ಘಟನೆ, ಯಾರದೂ ತಪ್ಪಿರುವುದಿಲ್ಲ.

“ಟೈಲರ್ ಅವರೇ, ಬೇಜಾರು ಮಾಡ್ಕೋಬೇಡಿ,” ಎಂದರು ಹೆಡ್ ಮೇಡಂ. “ನೀವೊಂದು ಹೊಸ ಸ್ಕರ್ಟ್ ಹೊಲಿದು ಕೊಟ್ಬಿಡಿ. ಮುಗಿದು ಹೋಗುತ್ತೆ.”

ನಾನು ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ. ಪುಸ್ತಕ ನನ್ನ ಮುಂದೆ ಬಂತು, ಅಭ್ಯಾಸದ ಕೈ ಸಹಿ ಹಾಕಿತು. ಮೇಡಂ ಪುಸ್ತಕವನ್ನು ಇಸ್ತ್ರಿಯಮ್ಮನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಮೂರು ವರ್ಷದಲ್ಲಿ ಆ ಪುಸ್ತಕವನ್ನು ಹಾಗೆ ಓದಿದ್ದು ಅವಳೊಬ್ಬಳೇ ಇರಬೇಕು.

“ಇದು ಸುಳ್ಳು ಮೇಡಂ,” ಎಂದಳು. “ಅಣ್ಣನ ಹೊಲಿಗೆ ಮೇಲೆ ಏಳು ವರ್ಷದಿಂದ ಇಸ್ತ್ರಿ ತಿಕ್ತಿದೀನಿ. ಬಟ್ಟೆ ಜೀರ್ಣ ಆದ್ರೂ ಇವರ ಹೊಲಿಗೆ ಬಿಡಲ್ಲ. ನನ್ನ ಮಗಳಿಗೆ ಆಗಿದ್ದು ಆಗೋಯ್ತು. ಅದಕ್ಕೆ ಇವರ ಹೆಸರು ಯಾಕೆ ಕೆಡಿಸ್ತೀರಾ? ನಾನು ಸಹಿ ಹಾಕಲ್ಲ.”

ಬಾಯಲ್ಲಿದ್ದ ಬಿಸ್ಕತ್ತು ಮಣ್ಣಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಹೊಲದವಳು ಬಂದು ಬೇಲಿಯ ಪರವಾಗಿ ಮಾತಾಡುತ್ತಿದ್ದಾಳೆ. ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಹಾಕಿದ ಸಹಿಯ ಮೇಲೆ ಅಡ್ಡಗೆರೆ ಎಳೆದೆ. ಪೆನ್ನು ಕಾಗದವನ್ನು ಸೀಳಿಕೊಂಡು ಹೋಯಿತು.

“ಹೊಲಿಗೆ ಸರಿಯಾಗೇ ಇತ್ತು ಮೇಡಂ. ತುದಿಗೆ ಗಂಟು ಹಾಕಿರ್ಲಿಲ್ಲ. ಹಾಕದೆ ಬಿಟ್ಟೋಳು ನನ್ನ ಮಗಳು. ಮರೆತಲ್ಲ, ಬೇಕೂಂತಲೇ ಬಿಟ್ಟಿದ್ದು. ಎಳೆದೋರು ಇನ್ನಿಬ್ಬರು. ಹೆಸರು ಹೇಳ್ತೀನಿ, ಬರ್ಕೊಳ್ಳಿ.”

ಗುಮಾಸ್ತ ಪೆನ್ನಿಗೆ ಟೋಪಿ ಹಾಕಿದ. ಪಿ.ಟಿ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

“ಪರೀಕ್ಷೆಗೆ ಎಂಟು ವಾರ ಇದೆ ಟೈಲರ್ ಅವರೇ,” ಎಂದರು ಮೇಡಂ. “ಯೋಚನೆ ಮಾಡಿ ಮಾತಾಡಿ.”

“ಮಾಡಿಯೇ ಮಾತಾಡ್ತಿದೀನಿ.”

ಅದು ಸುಳ್ಳು. ಇನ್ನೊಂದು ಗಳಿಗೆ ಯೋಚಿಸಿದ್ದರೂ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ. ಎರಡು ಹೆಸರನ್ನೂ ಗಟ್ಟಿಯಾಗಿ ಹೇಳಿದೆ. ಗುಮಾಸ್ತ ಬರೆಯಲಿಲ್ಲ, ನಾನೇ ಬರೆದೆ. ಮೇಲೆ ನನ್ನ ಮಗಳ ಹೆಸರು, ಕೆಳಗೆ ಆ ಎರಡು.

ಇಸ್ತ್ರಿಯಮ್ಮ ಅಳುತ್ತಾಳೆ, ಬಯ್ಯುತ್ತಾಳೆ ಅಂದುಕೊಂಡೆ. ಅವಳು ಎದ್ದು ನಿಂತು ನನ್ನನ್ನೇ ನೋಡಿದಳು.

“ಮೂರು ಸಲ ನಿಮ್ಮ ಕೈಗೇ ತಂದ್ಕೊಟ್ಟೆನಲ್ಲಣ್ಣ,” ಎಂದಳು. ಅಷ್ಟೇ ಹೇಳಿ ಹೋದಳು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ, ಉದ್ದ ಮಾಡಲು ನನಗೆ ತ್ರಾಣವಿಲ್ಲ. ವಕೀಲರ ಮಗಳಿಗೆ ಒಂದು ಎಚ್ಚರಿಕೆಯ ಪತ್ರ ಹೋಯಿತು. ಗುತ್ತಿಗೆದಾರನ ಮೊಮ್ಮಗಳ ಹೆಸರಿದ್ದ ಸಾಲು ಪುಸ್ತಕದಲ್ಲಿ ಈಗ ಇಲ್ಲವಂತೆ. ನನ್ನ ಮಗಳ ಬ್ಯಾಡ್ಜು ಕಿತ್ತುಕೊಂಡು ಶಾಲೆಯಿಂದ ತೆಗೆದರು. ಪರೀಕ್ಷೆಯನ್ನು ಅವಳು ಖಾಸಗಿಯಾಗಿ ಕಟ್ಟಿ ಬರೆಯಬೇಕು. ಸಮವಸ್ತ್ರದ ಕೆಲಸ ಬೇರೆಯವರಿಗೆ ಹೋಯಿತು. ನೀಲಿ ಬೋರ್ಡಿನಲ್ಲಿ ನಾಲ್ಕನೆಯ ಹೆಸರಿನ ಮೇಲೆ ಬಣ್ಣ ಬಳಿದಿದ್ದಾರೆ. ದೂರಿನ ಪೆಟ್ಟಿಗೆ ಮಾತ್ರ ಅದೇ ಬೆಂಚಿನ ಮೇಲೆ, ಅದೇ ಮೊಳೆಗೆ ನೇತಾಡುತ್ತಿದೆ.

ಮಗಳು ನನ್ನೊಂದಿಗೆ ಮಾತಾಡುವುದಿಲ್ಲ. ಒಂದೇ ಒಂದು ಸಲ ಕೇಳಿದಳು, “ನನಗಾದಾಗ ಯಾಕಪ್ಪ ಆ ಪುಸ್ತಕದಲ್ಲಿ ಬರೀಲಿಲ್ಲ?” ಎಂದು.

ಇಸ್ತ್ರಿಯಮ್ಮನ ಮಗಳನ್ನು ಮುಂದಿನ ವರ್ಷ ಬಸ್ಸಿನಲ್ಲಿ ಹೋಗುವಷ್ಟು ದೂರದ ಬೇರೊಂದು ಶಾಲೆಗೆ ಸೇರಿಸುತ್ತಾರೆಂದು ಕೇಳಿ, ಅಲ್ಲಿಯ ಬೂದು ಬಣ್ಣದ ಬಟ್ಟೆ ತಂದು ನಾನೇ ಒಂದು ಸ್ಕರ್ಟ್ ಹೊಲಿದೆ. ಪಟ್ಟಿಗೆ ಚೈನ್ ಹೊಲಿಗೆ ಹಾಕಲಿಲ್ಲ. ಮಾಮೂಲಿ ಹೊಲಿಗೆ, ಎರಡು ಸಾಲು, ಎರಡರ ತುದಿಗೂ ಗಂಟು. ಇನ್ನು ಅದನ್ನು ಅಗಲ ಮಾಡಬೇಕೆಂದರೆ ಬ್ಲೇಡಿನಿಂದ ಕುಯ್ಯಬೇಕು. ಕುಯ್ಯಲಿ.

ಮಧ್ಯಾಹ್ನದ ಹೊತ್ತು ತೆಗೆದುಕೊಂಡು ಹೋದೆ. ತಾಯಿ ಬಟ್ಟೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. ಹುಡುಗಿ ಮೂಲೆಯಲ್ಲಿ ಕೂತು ಒಣಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಒಂದೇ ತುಂಡಿನ, ಸೊಂಟದ ಪಟ್ಟಿಯೇ ಇಲ್ಲದ ನಿಲುವಂಗಿ ಹಾಕಿದ್ದಳು. ಆದರೂ ಅದರ ನಡುವಿಗೆ ಸುತ್ತಲೂ ಸೇಫ್ಟಿ ಪಿನ್ನು ಚುಚ್ಚಿಕೊಂಡಿದ್ದಳು.

ಸ್ಕರ್ಟನ್ನು ಅವಳ ಮುಂದೆ ಹಿಡಿದೆ. ತೆಗೆದುಕೊಂಡಳು. ಒಳಗು ಹೊರಗು ಮಾಡಿ, ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಸವರುತ್ತಾ ಹೋಗಿ ತುದಿ ಹುಡುಕಿದಳು. ಉಗುರಿನಿಂದ ಎಬ್ಬಿಸಿ, ಹಲ್ಲು ಕಚ್ಚಿ ಎಳೆದಳು. ಬರಲಿಲ್ಲ. ಇನ್ನೊಂದು ಕಡೆಯಿಂದ ಎಳೆದಳು. ಬರಲಿಲ್ಲ.

“ಗಂಟು ಯಾರು ಹಾಕಿದ್ದು?” ಎಂದು ಕೇಳಿದಳು. ಅಷ್ಟು ದಿನದ ಮೇಲೆ ನಾನು ಕೇಳಿದ ಅವಳ ಮೊದಲ ಮಾತು ಅದು. ಕಂಚಿನ ದನಿ ಹೋಗಿ ಒಡಕು ದನಿ ಉಳಿದಿತ್ತು.

“ನಾನೇ ಕಣಮ್ಮ,” ಎಂದೆ. “ನಾನೇ ಹಾಕಿದ್ದು.”

ತಲೆಯಾಡಿಸಿದಳು. ಆಮೇಲೆ ಪಕ್ಕದ ಡಬ್ಬಿಯಿಂದ ಪಿನ್ನುಗಳನ್ನು ತೆಗೆದು, ಆ ಹೊಸ ಪಟ್ಟಿಗೆ ಒಂದೊಂದಾಗಿ ಚುಚ್ಚತೊಡಗಿದಳು.